ಅಂದುಕೊಂಡದ್ದು ಆಗದಾಗ

ಛತ್ರ ಗೊತ್ತುಮಾಡಿ, ಟಿಕೆಟ್ ತೆಗೆದಿಟ್ಟು, ಸಾಲ ಎತ್ತಿ ಸಜ್ಜು ಮಾಡಿಕೊಂಡ ಕಾರ್ಯ ಕೊನೆಯ ಗಳಿಗೆಯಲ್ಲಿ ಕೈತಪ್ಪಿದರೆ ದುಡ್ಡು ಹೋಗುತ್ತದೆ, ದಿನ ಹೋಗುತ್ತದೆ. ನಾಳೆಯ ಮೇಲಿನ ಭರವಸೆಯೂ ಅಲುಗುತ್ತದೆ. ಆ ಹೊತ್ತಿನಲ್ಲಿ ಕೃತಜ್ಞತೆ, ನಂಬಿಕೆ ಎಂಬ ಮಾತುಗಳು ಬಾಯುಪಚಾರದಂತೆ ಕೇಳಿಸುವುದು ಸಹಜ. ಅವುಗಳಿಗೆ ನಿಜಕ್ಕೂ ಏನು ಕೆಲಸವಿದೆ ಎಂಬುದನ್ನು ನೋಡಲು ವಿಶಾಖಪಟ್ಟಣದ ಉತ್ತರದಂಚಿನ ಮಧುರವಾಡ ಮತ್ತು ಅದರ ನೆರೆಯ ಸಿಂಹಾಚಲದಷ್ಟು ಒಳ್ಳೆಯ ಜಾಗ ಅಪರೂಪ.

2014ರ ಅಕ್ಟೋಬರ್ 14ರಂದು ಮಧುರವಾಡದ ಕ್ರೀಡಾಂಗಣದಲ್ಲಿ ಭಾರತ ಮತ್ತು ವೆಸ್ಟ್ ಇಂಡೀಸ್ ತಂಡಗಳ ಏಕದಿನ ಪಂದ್ಯ ನಿಗದಿಯಾಗಿತ್ತು. ಎರಡು ದಿನ ಮೊದಲು, 12ರ ಭಾನುವಾರ ಮಧ್ಯಾಹ್ನ, ಹುಡ್‌ಹುಡ್ ಚಂಡಮಾರುತ ನೇರವಾಗಿ ನಗರದ ಮೇಲೆಯೇ ಬಂದೆರಗಿತು. ವಿಮಾನ ನಿಲ್ದಾಣದ ಚಾವಣಿ ಕಿತ್ತುಬಂತು. ವಿದ್ಯುತ್ ಕಂಬಗಳು ಮುರಿದುಬಿದ್ದು ಊರು ದಿನಗಟ್ಟಲೆ ಕತ್ತಲೆಯಲ್ಲಿ ಉಳಿಯಿತು. ಹಸಿರಾಗಿದ್ದ ಗುಡ್ಡಗಳು ಬೋಳಾದವು. ಪಂದ್ಯ ರದ್ದಾಯಿತು. ಹನ್ನೊಂದು ದಿನಕ್ಕೆ ದೀಪಾವಳಿ ಬಂದಾಗ, ಉರುಳಿದ ಮರಗಳು ಒಣಗಿ ಬಿದ್ದಿದ್ದರಿಂದ ಪಟಾಕಿ ಹಚ್ಚಬೇಡಿ ಎಂದು ಆಡಳಿತ ಜನರನ್ನು ಕೇಳಿಕೊಳ್ಳಬೇಕಾಯಿತು.

ಇಷ್ಟೆಲ್ಲ ಹಾಳಾದ ಮೇಲೆ ಯಾವುದಕ್ಕೆ ಕೃತಜ್ಞರಾಗಿರಬೇಕು? ಉತ್ತರಕ್ಕೆ ಹದಿನೈದು ವರ್ಷ ಹಿಂದಕ್ಕೆ ಹೋಗಬೇಕು. 1999ರ ಅಕ್ಟೋಬರಿನಲ್ಲಿ ಇದೇ ಕರಾವಳಿಯ ಒಡಿಶಾ ಭಾಗಕ್ಕೆ ಅಪ್ಪಳಿಸಿದ ಮಹಾ ಚಂಡಮಾರುತ ಸುಮಾರು 10,000 ಜೀವ ತೆಗೆದುಕೊಂಡಿತ್ತು. 2014ರಲ್ಲಿ ಹಾಗಾಗಲಿಲ್ಲ. ಹುಡ್‌ಹುಡ್ ಬರುವ ದಾರಿಯನ್ನು ಹವಾಮಾನ ಇಲಾಖೆ ದಿನಗಳ ಮೊದಲೇ ಹೇಳಿತ್ತು. ತಗ್ಗು ಪ್ರದೇಶಗಳಿಂದ ಲಕ್ಷಾಂತರ ಜನರನ್ನು ಮೊದಲೇ ಬೇರೆಡೆಗೆ ಸಾಗಿಸಲಾಗಿತ್ತು. ಮೀನುಗಾರಿಕೆ ಬಿಟ್ಟು, ಹಬ್ಬದ ವ್ಯಾಪಾರ ಬಿಟ್ಟು, ಮನೆಗೆ ಬೀಗ ಹಾಕಿ ಹೊರಟವರ ಪಾಲಿಗೆ ಅಂದು ಯೋಜನೆ ಬದಲಾದದ್ದೇ ಜೀವ ಉಳಿಯಲು ಕಾರಣ. ಕೃತಜ್ಞತೆ ಎಂದರೆ ಕಳೆದುಕೊಂಡದ್ದನ್ನು ಮರೆಯುವುದಲ್ಲ. ಉಳಿದದ್ದು ಏನು, ಅದು ಯಾರ ಕೈಯಿಂದ ಉಳಿಯಿತು ಎಂದು ಗುರುತಿಸುವುದು. ಎಚ್ಚರಿಕೆ ಕೊಟ್ಟವರು, ಗಾಳಿ ನಿಂತ ಮೇಲೆ ತಂತಿ ಎಳೆದ ಲೈನ್‌ಮನ್‌ಗಳು, ರಸ್ತೆಗೆ ಅಡ್ಡಬಿದ್ದ ಮರ ಕಡಿದವರು, ಇವರೆಲ್ಲ ಆ ಲೆಕ್ಕದಲ್ಲಿ ಬರುತ್ತಾರೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. ಎಲ್ಲ ಆಘಾತವನ್ನೂ ದೈವೇಚ್ಛೆ ಎಂದು ಕೈಮುಗಿದು ಒಪ್ಪಿಕೊಳ್ಳಬಾರದು. 2020ರ ಮೇ 7ರ ನಸುಕಿನಲ್ಲಿ ಇದೇ ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರದಲ್ಲಿ ಕಾರ್ಖಾನೆಯಿಂದ ಸ್ಟೈರೀನ್ ಅನಿಲ ಸೋರಿ, ಮಲಗಿದ್ದವರು ಸತ್ತರು. 2024ರ ಸೆಪ್ಟೆಂಬರ್ ಮೊದಲ ವಾರ, ಗಣೇಶನ ಹಬ್ಬಕ್ಕೆ ಇನ್ನೇನು ಕೆಲವೇ ದಿನ ಇರುವಾಗ, ಬುಡಮೇರು ಹಳ್ಳ ಉಕ್ಕಿ ವಿಜಯವಾಡದ ಬಡಾವಣೆಗಳು ಮುಳುಗಿದವು. ಆ ಹಳ್ಳದ ಒತ್ತುವರಿಯ ದೂರು ಹಳೆಯದು. ಮನುಷ್ಯರ ಅಲಕ್ಷ್ಯದಿಂದ ಆದದ್ದಕ್ಕೆ ಲೆಕ್ಕ ಕೇಳುವುದು ನಂಬಿಕೆಗೆ ವಿರುದ್ಧವಲ್ಲ. ನೊಂದವರಿಗೆ ‘ಎಲ್ಲ ಒಳ್ಳೆಯದಕ್ಕೇ’ ಎಂದು ಹೊರಗಿನವರು ಹೇಳುವುದು ನಿರ್ದಯ. ಆ ಮಾತು ಹೇಳುವ ಹಕ್ಕು ಇರುವುದು ನೊಂದವರಿಗೆ ಮಾತ್ರ.

ಕೃತಜ್ಞತೆಯಿಂದ ಮನಸ್ಸಿಗೆ ಆಗುವ ಪ್ರಯೋಜನವನ್ನು ವಿಜ್ಞಾನಿಗಳೂ ಅಳೆದು ನೋಡಿದ್ದಾರೆ. ಅಮೆರಿಕದ ಮನೋವಿಜ್ಞಾನಿಗಳಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗದಲ್ಲಿ ಭಾಗವಹಿಸಿದವರು ನರ ಮತ್ತು ಸ್ನಾಯುಗಳ ಕಾಯಿಲೆಯಿದ್ದ ವಯಸ್ಕರು, ಅಂದರೆ ಬದುಕಿನ ಲೆಕ್ಕಾಚಾರವೇ ಬುಡಮೇಲಾದವರು. ದಿನವೂ ತಾವು ಋಣಿಯಾಗಿರುವ ಸಂಗತಿಗಳನ್ನು ಮೂರು ವಾರ ಬರೆದಿಟ್ಟವರಲ್ಲಿ, ಹಾಗೆ ಬರೆಯದವರಿಗಿಂತ ಉಲ್ಲಾಸ ಹೆಚ್ಚಿತ್ತು, ನಿದ್ದೆಯೂ ಚೆನ್ನಾಗಿತ್ತು. ಕಾಯಿಲೆ ಹೋಗಲಿಲ್ಲ. ಅದರ ಜೊತೆಗೆ ಬದುಕುವುದು ತುಸು ಹಗುರವಾಯಿತು, ಅಷ್ಟೆ. ಅದೇನು ಸಣ್ಣ ಸಂಗತಿಯಲ್ಲ.

ನಂಬಿಕೆಯ ಮಾತಿಗೆ ಬಂದರೆ ಸಿಂಹಾಚಲದ ಬೆಟ್ಟ ಹತ್ತಬೇಕು. ಅಲ್ಲಿನ ವರಾಹ ಲಕ್ಷ್ಮೀನರಸಿಂಹನ ಮೂರ್ತಿಗೆ ವರ್ಷವಿಡೀ ಗಂಧದ ಲೇಪ. ಅರೆದ ಗಂಧವನ್ನು ಅಕ್ಷಯ ತದಿಗೆಯಿಂದ ಆಷಾಢದ ಹುಣ್ಣಿಮೆಯವರೆಗೆ ನಾಲ್ಕು ಸಲ ಪದರ ಪದರವಾಗಿ ಹಚ್ಚುತ್ತಾರೆ. ಮರುವರ್ಷದ ಅಕ್ಷಯ ತದಿಗೆಯಂದು ಅದನ್ನು ತೆಗೆದಾಗ ಆ ಒಂದು ದಿನ ಮಾತ್ರ ದೇವರ ನಿಜರೂಪ ದರ್ಶನ. 2020ರ ಏಪ್ರಿಲ್ 26ರಂದು ಲಾಕ್‌ಡೌನ್ ಕಾರಣ ಆ ದಿನದ ಉತ್ಸವವಾದ ಚಂದನೋತ್ಸವ ಭಕ್ತರಿಲ್ಲದೆ ನಡೆಯಿತು. ಗಂಧ ಅರೆಯುವುದು ನಿಲ್ಲಲಿಲ್ಲ, ಪೂಜೆ ನಿಲ್ಲಲಿಲ್ಲ; ವರ್ಷವಿಡೀ ಕಾದ ಲಕ್ಷಾಂತರ ಮಂದಿ ಮನೆಯಲ್ಲೇ ಕೈಮುಗಿದು ಮತ್ತೊಂದು ವರ್ಷ ಕಾಯಲು ಒಪ್ಪಿಕೊಂಡರು.

ಈ ಬೆಟ್ಟಕ್ಕೂ ಕನ್ನಡಕ್ಕೂ ಏಳು ಶತಮಾನ ದಾಟಿದ ನಂಟಿದೆ. ಸಿಂಹಾಚಲದ ಶಾಸನಗಳಲ್ಲಿ ಮತ್ತು ಶ್ರೀಕಾಕುಳದ ಬಳಿಯ ಶ್ರೀಕೂರ್ಮಂ ಶಾಸನಗಳಲ್ಲಿ ಕಾಣುವ ಹೆಸರು ನರಹರಿತೀರ್ಥರದು. ಮಧ್ವಾಚಾರ್ಯರ ನೇರ ಶಿಷ್ಯರಾದ ಇವರಿಗೆ ಗುರುವಿನ ಜೊತೆಯಲ್ಲೇ ಇರುವ ಆಸೆಯಿತ್ತು ಎಂದು ಸಂಪ್ರದಾಯ ಹೇಳುತ್ತದೆ. ಗುರುಗಳು ಕೊಟ್ಟ ಅಪ್ಪಣೆ ಬೇರೆ: ಈ ಬೆಟ್ಟವಿರುವ ಕಳಿಂಗದಲ್ಲೇ ನಿಲ್ಲಬೇಕು, ಅಲ್ಲಿನ ಅರಸರ ಭಂಡಾರದಲ್ಲಿರುವ ರಾಮ, ಸೀತೆಯರ ವಿಗ್ರಹಗಳನ್ನು ತರಬೇಕು. ಸಂನ್ಯಾಸ ಬಯಸಿದವರ ಹೆಗಲಿಗೆ ರಾಜ್ಯದ ಹೊರೆ ಬಿತ್ತು. ಪಟ್ಟಕ್ಕೆ ಬಂದ ಅರಸ ಇನ್ನೂ ಬಾಲಕನಾದ್ದರಿಂದ ಆಡಳಿತವನ್ನು ಇವರೇ ನೋಡಿಕೊಂಡರು. 1281ರ ಶ್ರೀಕೂರ್ಮಂ ಶಾಸನ ಇವರು ಶಬರ ಬುಡಕಟ್ಟಿನವರ ದಾಳಿಯಿಂದ ಆ ಕ್ಷೇತ್ರವನ್ನು ಕಾಪಾಡಿದ್ದನ್ನೂ ಯೋಗಾನಂದ ನರಸಿಂಹನ ಗುಡಿ ಕಟ್ಟಿಸಿದ್ದನ್ನೂ ಹೇಳುತ್ತದೆ. ಅರಸ ಪ್ರಾಪ್ತ ವಯಸ್ಸಿಗೆ ಬಂದಾಗ ಪ್ರತಿಫಲವಾಗಿ ಇವರು ಕೇಳಿದ್ದು ಆ ವಿಗ್ರಹಗಳನ್ನು ಮಾತ್ರ.

ಮಧ್ವರ ಸಿದ್ಧಾಂತದಲ್ಲಿ ದೇವರೊಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಅವನ ಅಧೀನ. ಈ ಮಾತನ್ನು ಸೋಮಾರಿತನಕ್ಕೆ ನೆಪ ಮಾಡಿಕೊಳ್ಳುವವರು ಎಲ್ಲ ಕಾಲಕ್ಕೂ ಇದ್ದಾರೆ. ನರಹರಿತೀರ್ಥರು ಅದನ್ನು ದುಡಿಮೆಯಾಗಿ ಬಾಳಿದರು: ಫಲ ತನ್ನ ಕೈಯಲ್ಲಿಲ್ಲ, ನಿಂತ ಜಾಗದ ಕೆಲಸ ತನ್ನ ಕೈಯಲ್ಲಿದೆ. ತಾವು ಬಯಸದ ಹುದ್ದೆಯಲ್ಲಿದ್ದೂ ಗುಡಿ ಕಟ್ಟಿಸಿದ, ಊರು ಕಾದ ಈ ಯತಿಯ ನಂಬಿಕೆ ಯಾವ ಪ್ರವಚನಕ್ಕಿಂತಲೂ ಗಟ್ಟಿ. ಮುಂದೆ ಮಧ್ವರ ಮತ್ತೊಬ್ಬ ಶಿಷ್ಯರಾದ ಪದ್ಮನಾಭತೀರ್ಥರ ನಂತರ ಗುರುಪೀಠವೇರಿ, 1333ರಲ್ಲಿ ಕಾಲವಾಗುವವರೆಗೆ ಇವರು ಮಠವನ್ನು ನಡೆಸಿದರು. ಕನ್ನಡದಲ್ಲಿ ಇವರು ರಚಿಸಿದ ದೇವರನಾಮಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ದಾಸಸಾಹಿತ್ಯದ ಚರಿತ್ರೆ ಇವರಿಂದಲೇ ಶುರುವಾಗುತ್ತದೆ ಎನ್ನುವ ವಿದ್ವಾಂಸರಿದ್ದಾರೆ.

ಇವರ ವೃಂದಾವನ ಹಂಪಿಯಲ್ಲಿ, ತುಂಗಭದ್ರೆಯ ಚಕ್ರತೀರ್ಥದ ಬಳಿ ಇದೆ. ಹಂಪಿ ನೋಡಲು ಹೋಗುವ ಕನ್ನಡಿಗರು ಅಲ್ಲಿಗೂ ಹೋಗಬೇಕು. ಸಿಂಹಾಚಲಕ್ಕೆ ಯಾತ್ರೆ ಹೊರಟವರು ಇನ್ನೊಂದು ದಿನ ಹೊಂದಿಸಿಕೊಂಡು ಶ್ರೀಕೂರ್ಮಂನ ಶಾಸನವನ್ನೂ ನೋಡಿ ಬರಬೇಕು.