ಜೀರ್ಣೋದ್ಧಾರವಾದ ಇಗರ್ಜಿಯ ಒಂದು ವರ್ಷ

ಬೆಂಗಳೂರು ದಂಡಿನಲ್ಲಿ ಆಂಗ್ಲಿಕನ್ನರು ಕಟ್ಟಿದ ಸಂತ ಮಾರ್ಕರ ಇಗರ್ಜಿ 1812ರಲ್ಲಿ ಪೂರ್ಣಗೊಂಡಿತು. 1923ರಲ್ಲಿ ಅದು ಬೆಂಕಿಗೆ ತುತ್ತಾಯಿತು, ಜೀರ್ಣೋದ್ಧಾರವಾದದ್ದು 1927ರಲ್ಲಿ. ಕಟ್ಟಡ ನಾಲ್ಕು ವರ್ಷ ಕಾದಿತು, ಹಬ್ಬಗಳು ಕಾಯಲಿಲ್ಲ.

ಇಗರ್ಜಿಗೆ ವರ್ಷಾರಂಭ ಜನವರಿಯಲ್ಲ. ಕ್ರಿಸ್‌ಮಸ್ಸಿಗೆ ಹಿಂದಿನ ನಾಲ್ಕನೆಯ ಭಾನುವಾರ ಆಗಮನಕಾಲ ಮೊದಲಾಗುತ್ತದೆ. ಅದೇ ಹೊಸ ವರ್ಷ. ಕ್ರಿಸ್‌ಮಸ್ಸಿಗೆ ತಾರೀಖು ಗೊತ್ತಾದದ್ದು. ಈಸ್ಟರಾದರೋ ಯುಗಾದಿಯಂತೆ ಚಂದ್ರನನ್ನು ಅನುಸರಿಸುತ್ತದೆ: ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್. ಜೀರ್ಣೋದ್ಧಾರದ ಮರುವರ್ಷ, 1928ರಲ್ಲಿ, ಅದು ಏಪ್ರಿಲ್ 8ಕ್ಕೆ ಬಂದಿತು. ಅದಕ್ಕೆ ಮೊದಲು, ಭಾನುವಾರಗಳನ್ನು ಬಿಟ್ಟು, ನಲವತ್ತು ದಿನ ಉಪವಾಸಕಾಲ. ಈಸ್ಟರಿನಿಂದ ಎಣಿಸಿದರೆ ಐವತ್ತನೆಯ ದಿನ, ಮೇ 27ರಂದು, ಪಂಚಾಶತ್ತಮ ಹಬ್ಬ.

1947ರಲ್ಲಿ ಇಗರ್ಜಿ ದಕ್ಷಿಣ ಭಾರತ ಸಭೆಗೆ ಸೇರಿತು. ಗೋಡೆಯೂ ಆಡಳಿತವೂ ಬದಲಾದರೂ ವರ್ಷದ ಈ ಸುತ್ತು ಇಂದಿಗೂ ನಡೆದಿದೆ.