ಕೆರೆಯ ಹೂಳೆತ್ತುವ ಮೊದಲು ಮಾಡತಕ್ಕ ಅಂದಾಜು

ಬೇಸಿಗೆಯಲ್ಲಿ ಕೆರೆಯ ಅಂಗಳವು ಒಣಗಿದೊಡನೆ ಹೂಳನ್ನೆತ್ತಿಸಬೇಕೆಂಬ ಮಾತು ಅನೇಕ ಗ್ರಾಮಗಳಲ್ಲಿ ಹುಟ್ಟುವುದು. ಊರವರು ವಂತಿಗೆ ಕೂಡಿಸುವರು. ಒಂದು ತಿಂಗಳಲ್ಲಿ ಕೆಲಸವು ಮುಗಿಯುವುದೆಂದು ಎಲ್ಲರೂ ನಂಬುವರು. ಆದರೆ ಕೆಲಸವು ಅರ್ಧವಾಗುವುದರೊಳಗೆ ಮಳೆಯು ಬಿದ್ದು, ದಡದಲ್ಲಿ ರಾಶಿಮಾಡಿದ ಹೂಳು ಪುನಃ ಕೆರೆಗೇ ಹರಿದುಹೋಗುವುದುಂಟು. ಹಣವು ವ್ಯರ್ಥವಾಗುವುದಲ್ಲದೆ, ಮುಂದಿನ ವರ್ಷ ವಂತಿಗೆ ಕೊಡುವವರೇ ಇಲ್ಲದಂತಾಗುವುದು. ಈ ನಷ್ಟಕ್ಕೆ ಬಹುಮಟ್ಟಿಗೆ ಕಣ್ಣಳತೆಯ ಅಂದಾಜೇ ಕಾರಣವು.

ನಮ್ಮ ಹಿರಿಯರು ಈ ವಿಷಯದಲ್ಲಿ ಅಜಾಗರೂಕರಾಗಿರಲಿಲ್ಲ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆಯನ್ನು ಕಟ್ಟಿಸಿ, ಕ್ರಿ. ಶ. 1369ರಲ್ಲಿ ಸಂಸ್ಕೃತ ಶಿಲಾಶಾಸನವನ್ನು ಹಾಕಿಸಿದನು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ವರ್ಜಿಸತಕ್ಕ ಆರು ದೋಷಗಳನ್ನೂ ಅದರಲ್ಲಿ ಎಣಿಸಿದೆ. ಏರಿಯಿಂದ ನೀರು ಒಸರುವುದು, ನೀರು ಅಲ್ಪವಾಗಿದ್ದು ಸಾಗುವಳಿಯ ಭೂಮಿಯು ವಿಸ್ತಾರವಾಗಿರುವುದು ಮೊದಲಾದುವು ಆ ದೋಷಗಳು. ಸಾವಿರ ಮಂದಿ ಕೂಲಿಯಾಳುಗಳು, ನೂರು ಬಂಡಿಗಳು, ಎರಡು ವರ್ಷಗಳ ಕಾಲ ಎಂಬ ಲೆಕ್ಕವೂ ಅಲ್ಲಿಯೇ ಇದೆ. ಅಗತ್ಯ, ಅಪಾಯ, ಆಳು, ಕಾಲ ಈ ನಾಲ್ಕನ್ನೂ ಲೆಕ್ಕಕ್ಕೆ ತರುವುದೇ ಇಂದಿಗೂ ಸರಿಯಾದ ಮಾರ್ಗವು.

ಉದ್ದೇಶದ ನಿರ್ಣಯ

ಹೂಳನ್ನು ಯಾತಕ್ಕೆ ಎತ್ತಿಸುವುದೆಂಬುದನ್ನು ಊರವರು ಸಭೆ ಸೇರಿ ಮೊದಲು ಬರೆದಿಡತಕ್ಕದ್ದು. ಅಚ್ಚುಕಟ್ಟಿಗೆ ಹೆಚ್ಚು ನೀರು ಬೇಕಾದಲ್ಲಿ ತೂಬಿನ ಮಟ್ಟಕ್ಕಿಂತ ಮೇಲಿರುವ ಹೂಳನ್ನು ತೆಗೆಯಬೇಕು. ಅದಕ್ಕಿಂತ ಕೆಳಗೆ ಅಗೆದ ಗುಂಡಿಯ ನೀರು ತೂಬಿಗೆ ಏರಲಾರದು. ಜಾನುವಾರುಗಳಿಗೂ ಸುತ್ತಲಿನ ಬಾವಿಗಳಿಗೂ ನೀರು ಬೇಕಾದಲ್ಲಿ ಆಳವಾಗಿ ತೆಗೆಯುವುದೂ ಉಪಯುಕ್ತವೇ. ನೀರು ಬರುವ ಕಾಲುವೆಗಳೇ ಮುಚ್ಚಿಹೋಗಿದ್ದರೆ ಮೊದಲು ಅವನ್ನು ಬಿಡಿಸಬೇಕು. ಇಲ್ಲದಿದ್ದರೆ ಎಷ್ಟು ಅಗೆದರೂ ಕೆರೆಯು ತುಂಬುವುದಿಲ್ಲ.

ಅಳತೆ ಮತ್ತು ಲೆಕ್ಕ

ಹೂಳು ಎಲ್ಲೆಡೆಯಲ್ಲಿಯೂ ಒಂದೇ ದಪ್ಪವಾಗಿರುವುದಿಲ್ಲ. ಆದುದರಿಂದ ಅಂಗಳದ ಹಲವು ಕಡೆಗಳಲ್ಲಿ ಸಣ್ಣ ಗುಂಡಿಗಳನ್ನು ತೆಗೆಸಿ ಅಳೆಯಬೇಕು. ಒಂದು ಎಕರೆಗೆ 43,560 ಚದರ ಅಡಿಗಳು. ಆರು ಎಕರೆಯಲ್ಲಿ ಎರಡು ಅಡಿ ಹೂಳನ್ನು ತೆಗೆಯಬೇಕೆಂದಿಟ್ಟುಕೊಂಡರೆ, ಅದು 5,22,720 ಘನ ಅಡಿಗಳಾಗುವುದು. ಟ್ರ್ಯಾಕ್ಟರು ಒಂದು ಲೋಡಿಗೆ ನೂರು ಘನ ಅಡಿ ಒಯ್ಯುವುದಾದರೆ 5,227 ಲೋಡುಗಳೆಂದು ತೋರುವುದು. ಆದರೆ ಅಗೆದ ಮಣ್ಣು ಸಡಿಲವಾಗಿ ಉಬ್ಬುವುದು. ಅದಕ್ಕಾಗಿ ಕಾಲು ಭಾಗವನ್ನು ಕೂಡಿಸಿದರೆ 6,534 ಲೋಡುಗಳಾಗುವುವು. ಎಂಟು ಟ್ರ್ಯಾಕ್ಟರುಗಳು ದಿನಕ್ಕೆ ಹನ್ನೆರಡು ಸಲ ಹೋಗಿಬಂದರೂ ಅರವತ್ತೆಂಟು ದಿನಗಳು ಹಿಡಿಯುವುವು. ಯಂತ್ರವು ಕೆಡುವ ದಿನ, ಯುಗಾದಿ, ಜಾತ್ರೆ, ಮದುವೆ ಇವುಗಳಿಗಾಗಿ ಐದನೆಯ ಒಂದು ಪಾಲನ್ನು ಸೇರಿಸಿದರೆ ಎಂಬತ್ತೆರಡು ದಿನಗಳು. ಮಾರ್ಚಿ ಮೊದಲನೆಯ ದಿನ ಆರಂಭಿಸಿದ ಕೆಲಸವು ಮೇ ತಿಂಗಳ ಮೂರನೆಯ ವಾರದವರೆಗೂ ನಡೆಯುವುದು. ಒಂದು ತಿಂಗಳೆಂಬ ಮಾತು ಎಲ್ಲಿ, ಈ ಲೆಕ್ಕವೆಲ್ಲಿ!

ಅಪಾಯಗಳಿಗೆ ಪ್ರತಿವಿಧಾನ

ಏಪ್ರಿಲ್, ಮೇ ತಿಂಗಳುಗಳಲ್ಲಿ ಗುಡುಗು ಮಳೆಯು ಬರುವುದು ಸಹಜವು. ಆದಕಾರಣ ಆರು ಎಕರೆಯನ್ನೂ ಒಮ್ಮೆಲೇ ಕೆದಕಬಾರದು. ನಾಲ್ಕು ಎಕರೆಯನ್ನು ಮೊದಲ ಭಾಗವಾಗಿ ಹಿಡಿದರೆ, ಮೇಲಿನ ಲೆಕ್ಕದಂತೆಯೇ ಐವತ್ತೈದು ದಿನಗಳಲ್ಲಿ, ಎಂದರೆ ಏಪ್ರಿಲ್ ಕೊನೆಯೊಳಗೆ, ಅದು ಪೂರೈಸುವುದು. ಮಿಕ್ಕುದನ್ನು ಕಾಲವಿದ್ದರೆ ಮಾಡಬಹುದು. ಇಲ್ಲವಾದರೆ ಮುಂದಿನ ಬೇಸಿಗೆಗೆ ಬಿಡಬಹುದು. ಪೂರೈಸಿದ ನಾಲ್ಕು ಎಕರೆಯ ಫಲವಂತೂ ಆ ವರ್ಷವೇ ಕೈಸೇರುವುದು.

ಏರಿಯ ಬುಡದಲ್ಲಿ ಅಗೆಯಕೂಡದು. ಎಷ್ಟು ದೂರ ಬಿಡಬೇಕೆಂಬುದಕ್ಕೆ ಇಂಜಿನಿಯರಿಂದ ಗುರುತು ಹಾಕಿಸತಕ್ಕದ್ದು. ಹೂಳಿನ ಕೆಳಗಿರುವ ಜೇಡಿಯ ಪದರವನ್ನು ಕತ್ತರಿಸಿದರೆ ನೀರು ನೆಲಕ್ಕೆ ಇಂಗಿ ಕೆರೆಯು ಬೇಗ ಬತ್ತುವುದು. ಹೂಳನ್ನು ದಡದಲ್ಲಿ ರಾಶಿಹಾಕದೆ ಅಂದಂದೇ ಹೊಲಗಳಿಗೆ ಸಾಗಿಸಬೇಕು. ಯಾರ ಹೊಲಕ್ಕೆ ಎಷ್ಟು ಲೋಡು ಎಂಬುದನ್ನು ಮೊದಲೇ ಗೊತ್ತುಮಾಡಿದರೆ ಜಗಳಕ್ಕೆ ಆಸ್ಪದವಿರದು. ಹೊಲಕ್ಕೆ ಹರಡುವ ಮುನ್ನ ಅದರಲ್ಲಿ ಚೌಳಿನ ಅಂಶವುಂಟೇ ಎಂದು ಪರೀಕ್ಷೆ ಮಾಡಿಸುವುದು ಲೇಸು. ಕೆರೆಯು ಯಾರ ಅಧೀನದಲ್ಲಿರುವುದೋ ಅವರ ಅಪ್ಪಣೆಯನ್ನು ಬರವಣಿಗೆಯಲ್ಲಿ ಪಡೆಯದೆ ಗುದ್ದಲಿಯನ್ನೇ ಹಾಕಬಾರದು.

ಕೊನೆಯದಾಗಿ, ಪ್ರತಿದಿನ ಹೋದ ಲೋಡುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಅವಶ್ಯಕವು. ಹೊಲವು ದೂರವಾಗಿದ್ದು ಹನ್ನೆರಡು ಸಲಕ್ಕೆ ಬದಲಾಗಿ ಎಂಟೇ ಸಲ ಹೋಗಿಬರುವುದಾದರೆ, ಮೊದಲ ವಾರದಲ್ಲಿಯೇ ಅದು ತಿಳಿಯುವುದು; ಆಗಲೇ ಟ್ರ್ಯಾಕ್ಟರುಗಳನ್ನು ಹೆಚ್ಚಿಸುವುದೋ ಕೆಲಸವನ್ನು ಕಡಮೆಮಾಡುವುದೋ ಎಂದು ನಿಶ್ಚಯಿಸಬಹುದು. ಈ ಪುಸ್ತಕವನ್ನು ವಾರಕ್ಕೊಮ್ಮೆ ಊರ ಸಭೆಯಲ್ಲಿ ಓದಿಹೇಳುವ ಮುಖಂಡರಿಗೆ ಮುಂದಿನ ವರ್ಷದ ವಂತಿಗೆಯನ್ನು ಕೂಡಿಸುವುದು ಕಷ್ಟವಾಗಲಾರದು.