ಪ್ರೌಢಶಾಲೆಯ ಭಾಷೆ, ಕಾಲೇಜಿನ ಬಾಗಿಲು



ಪಿಯುಸಿಗೆ ಸೇರುವಾಗ ಕನ್ನಡವೋ, ಸಂಸ್ಕೃತವೋ, ಫ್ರೆಂಚೋ ಎಂಬ ಪ್ರಶ್ನೆ ಎದುರಾದರೆ ನಮ್ಮಲ್ಲಿ ಬಹಳ ಮಂದಿ ನೋಡುವುದು ಒಂದನ್ನೇ: ಯಾವುದರಲ್ಲಿ ಅಂಕ ಹೆಚ್ಚು ಬೀಳುತ್ತದೆ? ಇಂಜಿನಿಯರಿಂಗ್ ಸೀಟಿನ ಆಸೆಯಿಂದ ಈ ಲೆಕ್ಕ ಹಾಕುವವರು ಒಂದು ವಿಷಯ ತಿಳಿದಿರಬೇಕು. ಸಿಇಟಿ ರ್‍ಯಾಂಕಿಗೆ ಸೇರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇವುಗಳ ಅಂಕಗಳು. ಭಾಷೆಯಲ್ಲಿ ಬಂದ ತೊಂಬತ್ತೆಂಟು ಆ ರ್‍ಯಾಂಕನ್ನು ಒಂದಿಷ್ಟೂ ಕದಲಿಸುವುದಿಲ್ಲ.

ಪಿಯುಸಿ ಮುಗಿಸಿ ಪದವಿಗೆ ಅಮೆರಿಕಕ್ಕೆ ಹೋಗುವ ಯೋಚನೆ ಇದ್ದವರಿಗೆ ಮಾತ್ರ ಲೆಕ್ಕ ಬೇರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವನ್ನೇ ತೆಗೆದುಕೊಳ್ಳಿ. ಪ್ರೌಢಶಾಲೆಯಲ್ಲಿ ಇಂಗ್ಲಿಷೇತರ ಭಾಷೆಯೊಂದನ್ನು 2 ವರ್ಷ ಓದಿರಲೇಬೇಕು, 3 ವರ್ಷವಾದರೆ ಇನ್ನೂ ಒಳ್ಳೆಯದು ಎನ್ನುತ್ತದೆ ಅದರ ನಿಯಮ. ಹಾರ್ವರ್ಡ್ ಕಡ್ಡಾಯ ಮಾಡುವುದಿಲ್ಲ. ಆದರೆ ಒಂದೇ ಭಾಷೆಯನ್ನು 4 ವರ್ಷ ಓದಿ ಬನ್ನಿ ಎಂದು ಸಲಹೆ ಕೊಡುತ್ತದೆ. ತಂತ್ರಜ್ಞಾನಕ್ಕೆ ಹೆಸರಾದ ಎಂಐಟಿ ಕೂಡ 2 ವರ್ಷದ ಭಾಷಾಭ್ಯಾಸ ಬಯಸುತ್ತದೆ. ವಿಜ್ಞಾನದವರಿಗೆ ಭಾಷೆ ಯಾಕೆ ಎಂದು ಮೂಗು ಮುರಿಯುವ ನನ್ನಂಥ ವಿಜ್ಞಾನ ಪದವೀಧರರು ಇದನ್ನು ಗಮನಿಸಬೇಕು!

'ಒಂದೇ ಭಾಷೆ' ಎಂಬ ಮಾತಿನಲ್ಲಿ ಎಲ್ಲ ಗುಟ್ಟೂ ಇದೆ. ಒಂದು ವರ್ಷ ಫ್ರೆಂಚ್, ಮರುವರ್ಷ ಜರ್ಮನ್ ಓದಿದರೆ ಅದು ಎರಡು ವರ್ಷದ ಅಭ್ಯಾಸ ಎನಿಸುವುದಿಲ್ಲ. ಎರಡು ಆರಂಭಗಳು ಮಾತ್ರ. ಭಾಷೆಯ ಕಲಿಕೆ ಗಣಿತದಂತೆ ಮೆಟ್ಟಿಲು ಮೆಟ್ಟಿಲಾಗಿ ಏರುವಂಥದು. ಮೊದಲ ವರ್ಷ ನಮಸ್ಕಾರ, ಊಟ, ಮಾರುಕಟ್ಟೆ. ಮೂರನೆಯ ವರ್ಷಕ್ಕೆ ಕಥೆ ಓದಿ ಅಭಿಪ್ರಾಯ ಬರೆಯಬಲ್ಲಿರಿ. ಪ್ರವೇಶ ಕೊಡುವವರು ನೋಡುವುದು ನೀವು ಎಷ್ಟನೆಯ ಮೆಟ್ಟಿಲು ಹತ್ತಿದ್ದೀರಿ ಎಂಬುದನ್ನು. ಅದಕ್ಕೇ, ಕ್ಯಾಲಿಫೋರ್ನಿಯಾದಲ್ಲಿ ನೇರವಾಗಿ ಮೇಲಿನ ಹಂತದ ತರಗತಿಗೆ ಸೇರಿ ತೇರ್ಗಡೆಯಾದರೆ ಕೆಳಗಿನ ಹಂತಗಳೂ ಮುಗಿದಂತೆಯೇ ಲೆಕ್ಕ.

ಹಾಗಾದರೆ ಫ್ರೆಂಚ್ ಕಲಿಯದ ಹಳ್ಳಿಯ ಹುಡುಗ ಹುಡುಗಿಯರ ಗತಿಯೇನು ಎಂದು ನೀವು ಕೇಳಬಹುದು. ನಿಯಮದಲ್ಲಿರುವ ಪದವನ್ನು ಮತ್ತೊಮ್ಮೆ ಓದಿ. ಅದು 'ವಿದೇಶೀ ಭಾಷೆ' ಎನ್ನುತ್ತಿಲ್ಲ, 'ಇಂಗ್ಲಿಷೇತರ ಭಾಷೆ' ಎನ್ನುತ್ತದೆ. ಆರನೆಯ ತರಗತಿ ಅಥವಾ ಅದಕ್ಕೂ ಮೇಲೆ ಕನಿಷ್ಠ 2 ವರ್ಷ ಇಂಗ್ಲಿಷೇತರ ಮಾಧ್ಯಮದಲ್ಲಿ ಓದಿ ಸಾಕಷ್ಟು ಅಂಕ ಪಡೆದವರು ಈ ಷರತ್ತನ್ನು ಪೂರೈಸಿದಂತೆಯೇ. ಹೊರೆ ಎಂದುಕೊಂಡಿದ್ದ ಕನ್ನಡ ಮಾಧ್ಯಮ ಇಲ್ಲಿ ಅರ್ಹತೆಯಾಗಿ ನಿಲ್ಲುತ್ತದೆ.

ಅಲ್ಲೇ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳ ಪಾಡು ಬೇರೆ. ಪ್ರೌಢಶಾಲೆಯವರು ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆ ಸ್ಪ್ಯಾನಿಷ್, ಜಪಾನೀ, ಲ್ಯಾಟಿನ್‌ಗಳಲ್ಲಿ ಇದೆ. ಭಾರತದ ಒಂದು ಭಾಷೆಯೂ ಅದರಲ್ಲಿಲ್ಲ. ಆದರೆ ಕನ್ನಡದಲ್ಲಿ ಬರೆಯುವ, ಮಾತನಾಡುವ ಶಕ್ತಿಯನ್ನು ಅಳೆಯುವ ಸ್ಟ್ಯಾಂಪ್ ಎಂಬ ಪರೀಕ್ಷೆ ಇದೆ. ಎರಡು ಭಾಷೆ ಬಲ್ಲವರ ಡಿಪ್ಲೊಮಾದ ಮೇಲೆ ವಿಶೇಷ ಮುದ್ರೆ ಹಾಕುವ ಕಾನೂನನ್ನೂ ಕ್ಯಾಲಿಫೋರ್ನಿಯಾ 2011ರಲ್ಲಿ ಮಾಡಿತು. ಮುದ್ರೆಯೊಂದರಿಂದಲೇ ಸೀಟು ಸಿಗದು, ನಿಜ. ಆದರೂ ಮನೆಯಲ್ಲಿ ಅಜ್ಜಿಯಿಂದ ಕಲಿತ ಭಾಷೆಗೆ ಶಾಲೆಯ ದಾಖಲೆಯಲ್ಲಿ ಒಂದು ಸಾಲು ಸಿಕ್ಕಿದಂತಾಯಿತು.

ಅರ್ಜಿ ಹಾಕುವವರು ಯಾವ ತರಗತಿಯವರೆಗೆ ಯಾವ ಮಾಧ್ಯಮದಲ್ಲಿ ಓದಿದಿರಿ ಎಂಬುದನ್ನು ಶಾಲೆಯಿಂದ ಬರೆಯಿಸಿ ಇಟ್ಟುಕೊಳ್ಳಿ. ಪ್ರತಿ ಕಾಲೇಜಿನ ನಿಯಮವೂ ಬೇರೆ. ಆಯಾ ವರ್ಷದ ಪ್ರವೇಶ ಪ್ರಕಟಣೆಯನ್ನು ಹತ್ತನೆಯ ತರಗತಿಯಲ್ಲೇ ಒಮ್ಮೆ ನೋಡಿ, ಹನ್ನೆರಡನೆಯ ತರಗತಿಯವರೆಗೆ ಕಾಯಬೇಡಿ.